ಗೋಡೆಗೆ ಮುಖ ಮಾಡಿ ಕೇಳಿದ್ದು

ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂಬುದಕ್ಕೆ ಅಕ್ಕ ಇರುವವರೆಗೆ ಯಾರೂ ಪುರಾವೆ ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ. ನನಗಿಂತ ಒಂದು ವರ್ಷ ದೊಡ್ಡವಳಾದ ಅವಳನ್ನು ಅಪ್ಪ ಬೇಕೆಂದೇ ತಡಮಾಡಿ ನನ್ನ ಜೊತೆ ಶಾಲೆಗೆ ಸೇರಿಸಿದ್ದರು. ಮಸ್ಕಿಯ ಶಾಲೆಯಲ್ಲೂ, ಆಮೇಲೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಲಿಂಗಸುಗೂರಿನ ಕಾಲೇಜಿನಲ್ಲೂ ನಾವು ಒಂದೇ ಬೆಂಚಿನಲ್ಲಿ ಕೂತೆವು. ಪಾಠ ಮಾಡುವವರು ಹಲಗೆಯ ಕಡೆ ತಿರುಗಿದರೆ ನಾನು ಅಕ್ಕನ ಕಡೆ ತಿರುಗುತ್ತಿದ್ದೆ. ಅವರು ಹೇಳಿದ್ದನ್ನು ಅವಳು ದನಿಯಿಲ್ಲದೆ, ಬರೀ ತುಟಿ ಆಡಿಸಿ ನನಗೆ ಹೇಳುತ್ತಿದ್ದಳು. ಅವಳ ತುಟಿಯನ್ನು ಓದುವುದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

ಮನೆಯಲ್ಲಿ ಇದನ್ನು ಮುಚ್ಚಿಟ್ಟಿದ್ದರು. ಹೊರಗೆ ಗೊತ್ತಾದರೆ ನಾಳೆ ಲಗ್ನಕ್ಕೆ ತೊಡಕಾದೀತು ಎಂಬ ಅಂಜಿಕೆ. ಬಂದವರು ಏನಾದರೂ ಕೇಳಿ ನಾನು ಸುಮ್ಮನೆ ಕೂತರೆ, ನನ್ನದು ಮಾತು ಕಡಿಮೆ ಎಂದು ಅಪ್ಪ ಹೇಳುತ್ತಿದ್ದರು. ಅಷ್ಟರಲ್ಲಿ ಅಕ್ಕ ನೀರು ಕೊಡುವ ನೆವದಲ್ಲಿ ಎದುರಿಗೆ ಬಂದು, ಅವರು ಕೇಳಿದ್ದೇನೆಂದು ತುಟಿಯಲ್ಲೇ ತಿಳಿಸಿ ಹೋಗುತ್ತಿದ್ದಳು.

ಇಬ್ಬರೂ ಎಂ.ಎ. ಓದಬೇಕೆಂದಿದ್ದೆವು. ಹೋದ ವರ್ಷ ಜ್ವರ ಬಂದು ಅಕ್ಕ ತೀರಿಕೊಂಡಳು. ವಿಶ್ವವಿದ್ಯಾಲಯಕ್ಕೆ ನಾನೊಬ್ಬಳೇ ಹೋದೆ.

ಅಲ್ಲಿ ಪಾಠ ಮಾಡುವವರು ಓಡಾಡುತ್ತಾ ಮಾತಾಡುತ್ತಿದ್ದರು. ಅವರು ಬೆನ್ನು ತಿರುಗಿಸಿದ ಕೂಡಲೇ ನನ್ನ ಕತ್ತು ತಾನಾಗಿ ಪಕ್ಕಕ್ಕೆ ಹೊರಳುತ್ತಿತ್ತು. ಅಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಬರೆಯುತ್ತಿರುತ್ತಿದ್ದಳು. ನನ್ನ ಅವಸ್ಥೆ ನೋಡಿ ವಿಭಾಗದ ಮೇಡಂ ಒಬ್ಬರು ಕರೆದು ವಿಚಾರಿಸಿದರು. ಮುಂದಿನ ಬೆಂಚು, ನೋಟ್ಸ್ ಬರೆದುಕೊಡಲು ಒಬ್ಬರು, ಬಾಯಿಪರೀಕ್ಷೆಯ ಪ್ರಶ್ನೆಗಳು ಬರಹದಲ್ಲಿ, ಎಲ್ಲವನ್ನೂ ಕೊಡಬಹುದು, ಆದರೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು ಎಂದರು. ಅದು ಸಿಗದಿದ್ದರೆ ಓದು ಬಿಟ್ಟು ಬರುವುದೆಂದು ನಾನು ಗಟ್ಟಿಮಾಡಿಕೊಂಡೆ.

ಅಪ್ಪ ನನ್ನನ್ನು ಸಿಂಧನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಸ್ಸಿಳಿದು ನಡೆಯುವಾಗ ರೈಸ್ ಮಿಲ್ಲಿನ ಹೊಟ್ಟು ಗಾಳಿಯಲ್ಲಿ ಹಾರಾಡುತ್ತಿತ್ತು. ಕಿವಿ ಪರೀಕ್ಷೆ ಮಾಡುವ ಹೆಂಗಸು ಮಾಸ್ಕ್ ಹಾಕಿಕೊಂಡಿದ್ದರಿಂದ ಅವರು ಏನು ಕೇಳಿದರೋ ನನಗೆ ತಿಳಿಯಲಿಲ್ಲ. ಅಪ್ಪನ ಉತ್ತರ ಮಾತ್ರ ಕಂಡಿತು.

"ಆಕಿ ಕಿವಿ ಚಲೋ ಅದಾವರೀ. ಮಾತು ಕಡಿಮಿ, ಅಷ್ಟ."

ಇಷ್ಟು ವರ್ಷದ ರೂಢಿ, ಬಾಯಿಗೆ ತಾನೇ ಬಂದುಬಿಟ್ಟಿತ್ತು. ಆ ಹೆಂಗಸು ಮಾಸ್ಕ್ ಕೆಳಗೆ ಎಳೆದು ನಕ್ಕರು. "ಚಲೋ ಇದ್ದರ ಇಲ್ಲಿಗ್ಯಾಕ ಬಂದೀರಿ ಯಜಮಾನ್ರ?" ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ನನ್ನನ್ನು ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ನಾನು ಎತ್ತುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅವರು ಬಾಗಿಲು ತೆರೆದು ಒಳಗೆ ಬಂದರು.

"ನೀ ಕೇಳಾಕತ್ತಿಲ್ಲವ್ವಾ, ನನ್ನ ಕೈ ನೋಡಾಕತ್ತೀ."

ಹೌದು. ಗಾಜಿನಾಚೆ ಅವರ ಕೈ ಯಂತ್ರದ ಗುಂಡಿಯ ಮೇಲೆ ಹೋದಾಗಲೆಲ್ಲ ನನ್ನ ಬೆರಳು ಏಳುತ್ತಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ಕೇಳುವುದೆಂದರೆ ನನಗೆ ಅದೇ ಆಗಿತ್ತು. ಅವರು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದರು.

ಗೋಡೆಯಲ್ಲಿ ಮುಖ ಇರಲಿಲ್ಲ. ಎಷ್ಟೋ ಹೊತ್ತು ಏನೂ ಬರಲಿಲ್ಲ. ಎಲ್ಲೋ ಆಗೊಮ್ಮೆ ಈಗೊಮ್ಮೆ ಒಂದು ದಪ್ಪ ಸದ್ದು ಬಂದು ಹೋಯಿತು. ನನಗೆ ಕೇಳುವುದು ಇಷ್ಟೇ ಎಂದು ನನಗೇ ಗೊತ್ತಿರಲಿಲ್ಲ. ಅಲ್ಲಿ ಕೂತು ಅಕ್ಕನ ದನಿಯನ್ನು ನೆನೆಸಿಕೊಳ್ಳಲು ನೋಡಿದೆ. ದನಿ ಬರಲಿಲ್ಲ. ತುಟಿ ಬಂತು, ಮುಂದಿನ ಹಲ್ಲಿನ ಸಣ್ಣ ಸಂದು ಬಂತು, ಬೇಗ ಹೇಳಬೇಕಾದಾಗ ಅವಳು ಏರಿಸುತ್ತಿದ್ದ ಹುಬ್ಬು ಬಂತು. ಆ ಮುಖ ಇನ್ನೊಮ್ಮೆ ನನ್ನ ಕಡೆ ತಿರುಗಿದರೆ ಸಾಕು ಅನ್ನಿಸಿತು. ಅದು ಏನೂ ಹೇಳದಿದ್ದರೂ ನಡೆಯುತ್ತಿತ್ತು.

ಹೊರಗೆ ಬಂದಾಗ ಆ ಹೆಂಗಸು ಹಾಳೆಯ ಮೇಲಿನ ಗೆರೆಯೊಂದನ್ನು ತೋರಿಸಿದರು. ಅದು ಸ್ವಲ್ಪ ದೂರ ಸಪಾಟಾಗಿ ನಡೆದು ಕೆಳಗೆ ಇಳಿದುಬಿಟ್ಟಿತ್ತು. ಜನ ಮಾತಾಡುವ ಸದ್ದು ಬೀಳುವ ಜಾಗದಲ್ಲಿ ಬೆರಳಿಟ್ಟು, ಇದರಲ್ಲಿ ಬಹುಪಾಲು ನಿನಗೆ ಕೇಳುವುದೇ ಇಲ್ಲ ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಡಿಗ್ರಿ ತನಕ ಹೆಂಗ ಓದಿದಳ್ರೀ ಈಕಿ?"

ಅಪ್ಪ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಇನ್ನೊಬ್ಬಾಕಿ ಇದ್ಲರೀ," ಎಂದರು.

ಪ್ರಮಾಣಪತ್ರ ಬಂತು. ಮುಂದಿನ ಬೆಂಚು ಸಿಕ್ಕಿತು. ಪಕ್ಕದಲ್ಲಿ ಕೂತು ನೋಟ್ಸ್ ಬರೆದುಕೊಡಲು ಗುರುಗುಂಟದ ಒಬ್ಬ ಹುಡುಗಿ ಒಪ್ಪಿಕೊಂಡಳು. ಚೊಕ್ಕ ಅಕ್ಷರ, ಒಂದು ವಾಕ್ಯವನ್ನೂ ಬಿಡುವುದಿಲ್ಲ. ನನ್ನ ಓದು ಈಗ ನಡೆದಿದೆ.

ಒಂದು ದಿನ ಇಡೀ ಕ್ಲಾಸು ನಕ್ಕಿತು. ನಾನು ಅವಳ ಹಾಳೆಯನ್ನು ನೋಡಿದೆ. ಅದರಲ್ಲಿ ಪಾಠ ಮಾತ್ರ ಇತ್ತು. ಯಾಕೆ ನಕ್ಕರೆಂದು ಕೇಳಿದೆ.

"ಅದು ಪರೀಕ್ಷಾಕ ಬರಂಗಿಲ್ಲ ಬೇ," ಎಂದಳು.

ಬರದಿದ್ದರೂ ಹೇಳೆಂದೆ. ಅವಳು ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ, ಬಿಡಿಸಿ ಹೇಳಿದಳು. ಸಣ್ಣ ತಮಾಷೆ. ಅಷ್ಟರಲ್ಲಿ ಎಲ್ಲರದೂ ನಕ್ಕು ಮುಗಿದಿತ್ತು. ಅವಳದೂ ಮುಗಿದಿತ್ತು. ನಾನೊಬ್ಬಳೇ ನಕ್ಕೆ.

ಅಕ್ಕ ನನಗೆ ಹೇಳಿ ಮುಗಿಸುವವರೆಗೆ ತನ್ನ ನಗೆಯನ್ನು ತಡೆದು ಹಿಡಿಯುತ್ತಿದ್ದಳು. ಕ್ಲಾಸೆಲ್ಲ ಸುಮ್ಮನಾದ ಮೇಲೆ ನಾವಿಬ್ಬರೂ ಕೂಡಿಯೇ ನಗುತ್ತಿದ್ದೆವು.