ಲಾರ್ಡ್ ಸಾಹೇಬರ ಪಾಳಿ

ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥ ಇಂಜಿನಿಯರುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಸ್ಟುಟ್‌ಗಾರ್ಟಿನ ಗುಡ್ಡದ ಮೇಲಿನ ಹಳೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕರು ಒಂಟಿಯಾಗಿದ್ದರು. ವಂಶದಿಂದ ಬಂದ ಲಾರ್ಡ್ ಪದವಿ ಹೊತ್ತವರು. ನಾನು ಮೊದಲು ಕಂಡಾಗ ಕೋಟು, ಟೈ ಹಾಕಿಕೊಂಡು ಮೆಟ್ಟಿಲು ಗುಡಿಸುತ್ತಿದ್ದರು.

ಆ ಊರಲ್ಲಿ ಮೆಟ್ಟಿಲು, ಅಂಗಳ ಗುಡಿಸುವ ಪಾಳಿ ವಾರಕ್ಕೊಂದು ಮನೆಯದು. ಕೇರ್‌ವೋಖೆ ಅನ್ನುತ್ತಾರೆ. ನನಗೆ ಅದು ಶುದ್ಧ ತಲೆನೋವು. ಲಾರ್ಡ್ ಸಾಹೇಬರ ಬದುಕು ಮಾತ್ರ ಅದರ ಮೇಲೆಯೇ ನಿಂತಿತ್ತು. ಮನೆ ಅವರ ಜರ್ಮನ್ ಹೆಂಡತಿಯ ತವರಿನದು. ಆಕೆ ತೀರಿಕೊಂಡ ಮೇಲೆ ಆಕೆಯ ಅಣ್ಣನ ಮಗಳು ಒಡತಿಯಾದಳು. "ನಿಮ್ಮ ಪಾಳಿ ನೀವೇ ಮಾಡುವ ತನಕ ಇರಿ, ಆಗದ ದಿನ ವೃದ್ಧಾಶ್ರಮ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳಂತೆ. ಹೆಂಡತಿ ಬದುಕಿ ಬಾಳಿದ ಮನೆ ಬಿಟ್ಟು ಹೋಗುವ ಮನಸ್ಸು ಅವರಿಗೆ ಎಳ್ಳಷ್ಟೂ ಇರಲಿಲ್ಲ.

ಗುಡಿಸುತ್ತಲೇ ತಮ್ಮ ರಾಜಕೀಯದ ಕತೆ ಹೇಳುತ್ತಿದ್ದರು. ಹರೆಯದಲ್ಲಿ ಕಲ್ಲಿದ್ದಲು ಗಣಿ ಕೆಲಸಗಾರರ ಕ್ಷೇತ್ರದಿಂದ ಪಾರ್ಲಿಮೆಂಟಿನ ಕೆಳಮನೆಗೆ ಗೆದ್ದರು. ಅಷ್ಟರಲ್ಲಿ ಅಪ್ಪ ತೀರಿಕೊಂಡು ಪದವಿ ಇವರ ತಲೆಗೆ ಬಂತು. ಆಗೆಲ್ಲ ಲಾರ್ಡ್ ಆದವನು ಕೆಳಮನೆಯಲ್ಲಿ ಕೂರುವಂತಿರಲಿಲ್ಲ. ಜನ ಕೊಟ್ಟ ಕುರ್ಚಿ ಬಿಟ್ಟು, ಅಪ್ಪ ಬಿಟ್ಟುಹೋದ ಕುರ್ಚಿಯಲ್ಲಿ ಕೂತರು. ಮುಪ್ಪಿನಲ್ಲಿ, ಹುಟ್ಟಿನ ಹಕ್ಕಿನಿಂದ ಮೇಲ್ಮನೆಯಲ್ಲಿ ಕೂತವರನ್ನು ಹೊರಗೆ ಕಳಿಸುವ ಕಾನೂನು ಬಂದಾಗ ಅದರ ಪರವಾಗಿಯೇ ಮತ ಹಾಕಿ ಎದ್ದು ಬಂದು, ಹೆಂಡತಿಯ ಜೊತೆ ಈ ಮನೆ ಸೇರಿದರು. "ನ್ಯಾಯ ಅದೇ ತಾನೆ?" ಎಂದು ನನ್ನನ್ನೇ ಕೇಳಿದ್ದರು. ಇಂಥ ಪೆದ್ದು ಪ್ರಾಮಾಣಿಕರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ಆ ಬೇಸಿಗೆಯಲ್ಲಿ ಅವ್ವ ಧಾರವಾಡದಿಂದ ಬಂದಳು. ಒಂದು ಶನಿವಾರ ನಾನು ಅಂಗಡಿಗೆ ಹೋದಾಗ, ಸಾಹೇಬರು ಗುಡಿಸುವುದು ಅವಳ ಕಣ್ಣಿಗೆ ಬಿತ್ತು. ಹಿರಿಯರು ಕಸ ಹೊಡೆಯುವುದನ್ನು ನೋಡುತ್ತ ನಿಲ್ಲುವ ಹೆಂಗಸಲ್ಲ ಅವಳು. "ಕೊಡ್ರೀ ಇಲ್ಲೆ, ನಾ ಇರೂತನಾ ನೀವ್ಯಾಕ ಬಗ್ಗೂದು?" ಅಂದು ಸೆರಗು ಸಿಕ್ಕಿಸಿ ಕಸಬರಿಗೆ ಕಸಿದುಕೊಂಡಳಂತೆ. ಹೆಂಗಸರಿಗೆ ಇಲ್ಲ ಅಂದು ರೂಢಿಯಿಲ್ಲದ ಅವರು ತಲೆಬಾಗಿ ಬದಿಗೆ ಸರಿದರು. ಒಡತಿ ಬಂದದ್ದು ಆಗಲೇ.

ನಾನು ಹಾಲಿನ ಚೀಲ ಹಿಡಿದು ಬಂದಾಗ ಒಡತಿ, "ಇನ್ನು ಇವರ ಕೈಲಾಗದು" ಎನ್ನುತ್ತಿದ್ದಳು. ಇವರು ಗಟ್ಟಿಯಾಗಿಯೇ ಇದ್ದಾರೆ, ಇದು ನಮ್ಮ ಕಡೆಯವರು ಹಿರಿಯರಿಗೆ ಕೊಡುವ ಮರ್ಯಾದೆ ಅಷ್ಟೇ ಎಂದು ಹರಕುಮುರುಕು ಜರ್ಮನ್‌ನಲ್ಲಿ ಗೋಗರೆದೆ. ಅವಳು ಸಾಹೇಬರತ್ತ ತಿರುಗಿದಳು.

"ಹೌದಾ? ಈಕೆ ನೀವು ಕೇಳದೆಯೇ ಕೈಹಾಕಿದಳಾ?"

ಅವ್ವ ಒಂದೂ ತಿಳಿಯದೆ ನಗುತ್ತ ನಿಂತಿದ್ದಳು. ಅವರು ಅವಳ ಮುಖ ನೋಡಿದರು.

"ಇಲ್ಲ, ನಾನೇ ಕೇಳಿಕೊಂಡೆ. ಕೈ ನಡುಗುತ್ತದೆ" ಎಂದರು.

ದೂರದಿಂದ ಬಂದ ಅತಿಥಿಯ ಮೇಲೆ ತಪ್ಪು ಹೊರಿಸಲಾರದೆ ಹೇಳಿದ ಸುಳ್ಳು ಅದು. ಅವರ ಕೈ ನಡುಗುತ್ತಿರಲಿಲ್ಲ.

ತಿಂಗಳು ತುಂಬುವುದರೊಳಗೆ ಅವರನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದರು. ಹೊರಡುವಾಗ ಅವ್ವ ಕೆಳಗಿಳಿದು ಚಕ್ಕಲಿ ಡಬ್ಬಿ ಕೊಟ್ಟಳು. ಅವರು ಹ್ಯಾಟು ತೆಗೆದು ಅವಳಿಗೆ ವಂದಿಸಿದರು. ಟ್ಯಾಕ್ಸಿ ತಿರುವು ದಾಟಿದ ಮೇಲೆ ಅವ್ವ ಕಣ್ಣೊರೆಸಿಕೊಂಡಳು.

"ಪಾಪ, ಛಲೋ ಆತ್ ನೋಡಪಾ. ಇನ್ನರ ಆ ಹಿರೇರಿಗೆ ಕಸಾ ಹೊಡಿಯೂದು ತಪ್ಪಿತು."

"ಹೂಂ ಬೇ, ತಪ್ಪಿತು" ಅಂದೆ.