ತೆರೆದೇ ಇದ್ದ ಬಾಗಿಲು

ಮೇಲಿನ ಹಳ್ಳಿಗಳ ಮಕ್ಕಳನ್ನು ದಿನವೂ ಕಾರಿನಲ್ಲಿ ಗ್ರೀಸಿನ ಕಾರ್ದಿತ್ಸಾ ಪಟ್ಟಣದ ಶಾಲೆಗೆ ಮುಟ್ಟಿಸುವ ಅಸಿಮೀನಾಳಿಗೆ ಸಿಟ್ಟು ಬಂದರೆ ಪಾದ್ರಿಯೂ ಪಕ್ಕಕ್ಕೆ ಸರಿಯುತ್ತಿದ್ದ. ಗಾಡಿ ಓಡಿಸುವಾಗ ಮಾತ್ರ ಅವಳಷ್ಟು ತಾಳ್ಮೆ ಆ ಸೀಮೆಯಲ್ಲೇ ಯಾರಿಗೂ ಇರಲಿಲ್ಲ. ಅಂಥವಳ ತಲೆಗೆ ವಿಮಾ ಕಂಪನಿಯವರು ತಪ್ಪು ಕಟ್ಟಿದರು. ಅಪಘಾತಕ್ಕೆ ಕಾರಿನ ಬಾಗಿಲು ತೆರೆದವಳದೇ ತಪ್ಪಂತೆ! ಈ ಕಳಂಕ ಅಂಟಿದರೆ ಪುರಸಭೆ ಮಕ್ಕಳನ್ನು ಅವಳ ಕೈಗೆ ಕೊಡುವುದಿಲ್ಲ. ಆ ಮಕ್ಕಳನ್ನು ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ.

ನಡೆದದ್ದು ಇಷ್ಟೇ. ಬಡಗಿ ಲಾಂಬ್ರೊಸನ ಶವಯಾತ್ರೆ ಬರುತ್ತಿತ್ತು. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದ್ದ ಅಸಿಮೀನಾ ಕೆಳಗಿಳಿದಳು. ಬಾಗಿಲು ಹಾಕಿದರೆ ಸದ್ದಾದೀತೆಂದು ಹಾಗೇ ಬಿಟ್ಟು, ಶಿಲುಬೆಯ ಗುರುತು ಹಾಕಿಕೊಂಡು ಕಣ್ಣು ಮುಚ್ಚಿ ನಿಂತಳು. ಹೆಣ ದಾಟಿತು, ಜನ ದಾಟಿದರು. ಅಥೆನ್ಸಿನಿಂದ ತಡವಾಗಿ ಬಂದ ಲಾಂಬ್ರೊಸನ ಸೋದರಳಿಯ ಮೆನಿಯೊಸ್ ಹಿಂದಿನಿಂದ ಕಾರು ನುಗ್ಗಿಸಿ, ಆ ಬಾಗಿಲನ್ನು ಕಿತ್ತೇಬಿಟ್ಟ.

ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು. ಅಂದು, "ಹೋಗಪ್ಪ, ಮೊದ್ಲು ನಿನ್ ಮಾವನ್ನ ಮಣ್ಣು ಮಾಡು. ಬಾಗ್ಲಿಂದು ಆಮೇಲೆ ನೋಡೋಣ" ಎಂದಳು. ಪೊಲೀಸರನ್ನು ಕರೆಯಲಿಲ್ಲ, ಫೋಟೋ ತೆಗೆಯಲಿಲ್ಲ. ಹೆಣದ ಹಿಂದೆ ಜಗಳ ತೆಗೆಯುವುದುಂಟೇ? ಆ ಪುಣ್ಯಾತ್ಮ ಮಾತ್ರ ಅಥೆನ್ಸಿಗೆ ಮರಳಿ, ಅವಳು ಗಕ್ಕನೆ ಬಾಗಿಲು ತೆರೆದಳು, ತಪ್ಪು ತನ್ನದೆಂದೇ ಸುಮ್ಮನೆ ಕಳಿಸಿದಳು ಎಂದು ವಿಮೆಯವರಿಗೆ ಬರೆದುಕೊಟ್ಟ.

"ನೀವು ಮರ್ಯಾದೆ ಕೊಟ್ರಿ, ಅದೇ ನಿಮಗೆ ಮುಳುವಾಯ್ತು. ಒಬ್ರು ಸಾಕ್ಷಿ ತನ್ನಿ, ಮೇಲಿನವರ ಹತ್ರ ನಾನೇ ಗುದ್ದಾಡ್ತೀನಿ" ಎಂದ ಅವಳ ವಿಮಾ ಏಜೆಂಟ್ ಆರ್ಗಿರಿಸ್.

ಸಾಕ್ಷಿಗೆ ಬರವೇ? ಅರ್ಧ ಊರೇ ಅಲ್ಲಿತ್ತು. ಆದರೆ ಸೂತಕದ ಮನೆಯ ವಿರುದ್ಧ ಬಾಯಿ ಬಿಡಲು ಒಬ್ಬರೂ ತಯಾರಿಲ್ಲ. "ಬಿಟ್ಬಿಡೇ ಮಾರಾಯ್ತಿ" ಎಂದರು ಎಲ್ಲರೂ. ಬಿಡುವುದಂತೆ! ಅಸಿಮೀನಾ ನೆಟ್ಟಗೆ ಲಾಂಬ್ರೊಸನ ಹೆಂಡತಿ ಫೋಟಿನಿಯ ಮನೆಗೇ ಹೋದಳು.

ಫೋಟಿನಿ ಸಾವಿನ ಮನೆಯ ಪದ್ಧತಿಯಂತೆ ಸಕ್ಕರೆಯಿಲ್ಲದ ಕಾಫಿ ತಂದಿಟ್ಟು, ವಿಷಯವನ್ನೆಲ್ಲ ಕೇಳಿಸಿಕೊಂಡಳು. "ಅವ್ನು ನಮ್ಮನೆ ಹುಡ್ಗ ಕಣೇ" ಎಂದಳು.

"ಗೊತ್ತು ಅಕ್ಕಾ. ನನ್ ಪರವಾಗಿ ಸುಳ್ಳು ಹೇಳಿ ಅಂತಿಲ್ಲ. ಕಂಡಿದ್ರೆ ಕಂಡೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಎರಡ್ರಲ್ಲಿ ಒಂದು ಕೇಳ್ದೆ ನಾನು ಏಳಲ್ಲ."

"ನಿಂದು ಹಟಾನೋ ಹಟ!" ಫೋಟಿನಿ ಎದ್ದು ಕರಿ ಶಾಲು ಹೊದ್ದಳು. "ನಡಿ, ಆ ಏಜೆಂಟನ ಕಚೇರಿಗೆ."

"ಸೂತಕದ ನಲವತ್ತು ದಿನ ಇನ್ನೂ ಆಗಿಲ್ವಲ್ಲಾ ಅಕ್ಕಾ, ಹೊಸ್ತಿಲು ದಾಟ್ಬೋದಾ? ಜನ ಏನಂದಾರು?"

"ಅಂದ್ಕೊಳ್ಲಿ."

ಸಂತೆಬೀದಿಯಲ್ಲಿ ಅಂಗಡಿಯವರೆಲ್ಲ ಬಾಯಿ ಬಿಟ್ಟು ನೋಡಿದರು. ಕಚೇರಿಯಲ್ಲಿ ಆರ್ಗಿರಿಸ್ ಗಡಬಡಿಸಿ ಎದ್ದು ಕುರ್ಚಿ ಕೊಟ್ಟ. ಫೋಟಿನಿ ಕೂರಲಿಲ್ಲ.

"ಬರ್ಕೋ. ಪೆಟ್ಟಿಗೆ ಹಿಂದೆ ನಡೀತಾ ನಂಗೆ ಕಾಲು ಸೋತು ಹೋಯ್ತು. ಬೀಳ್ತೀನಿ ಅನ್ನೋವಾಗ ತೆರೆದೇ ಇದ್ದ ಇವಳ ಕಾರಿನ ಬಾಗ್ಲು ಹಿಡ್ಕೊಂಡೆ. ಇವಳು ಕಣ್ಮುಚ್ಕೊಂಡು ಪ್ರಾರ್ಥನೆ ಮಾಡ್ತಿದ್ಲು, ನೋಡ್ಲಿಲ್ಲ. ನಾನೂ ಹಿಂದಿದ್ದ ಜನಾನೂ ದಾಟಿ ಮುಂದೆ ಹೋದ್ಮೇಲೆ ಅವ್ನು ಗುದ್ದಿದ ಸದ್ದು ಕೇಳ್ಸಿದ್ದು. ಆ ಬಾಗ್ಲು ತೆರೆದಿರ್ದೇ ಇದ್ರೆ ನನ್ ಗಂಡನ ಹಿಂದೆ ನಾನೂ ರಸ್ತೇಲಿ ಬಿದ್ದಿರ್ತಿದ್ದೆ ಕಣಪ್ಪ."

ಆರ್ಗಿರಿಸ್ ಬರೆದುಕೊಂಡ. ಅಷ್ಟು ದಿನ ಹಲ್ಲು ಕಚ್ಚಿ ಓಡಾಡಿದ್ದ ಅಸಿಮೀನಾ ಗೋಡೆಗೊರಗಿ ಗೊಳೋ ಎಂದು ಅತ್ತುಬಿಟ್ಟಳು.