ಕೀಲಿಮಾಮ ಎಂಬ ಹೆಸರು ಅಂಟಿದ ಮೇಲೆ

ನನ್ನ ಕನ್ನಡಕದ ಅಂಗಡಿಗೂ ಅವನ ಬೀಗದ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅವನು ಅರ ಹಿಡಿದು ಕೀಲಿಕೈ ಉಜ್ಜತೊಡಗಿದರೆ ನನ್ನ ಗಾಜಿನ ಕಪಾಟು ಜುಮ್ಮೆನ್ನುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿ ಅದು. ಅವನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಗಿಹಿಡಿಯಬೇಕು. ಗೋಡೆಯ ತುಂಬಾ ಮೊಳೆಗಳಿಗೆ ತೂಗುಹಾಕಿದ, ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು. ಅವುಗಳ ಕೆಳಗೆ ಒಂದು ಮೋಟು ಸ್ಟೂಲಿನ ಮೇಲೆ ಅವನು. ದುಂಡನೆಯ ಮೈ, ಬೋಳು ತಲೆ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್.

ಅವನಿಗೆ ಚಿಕ್ಕಂದಿನಿಂದ ತೊದಲು. ಅದರಲ್ಲೂ ಬ, ತ, ಕ ಬಂದರೆ ಮಾತು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬೀಗ, ಬಾಗಿಲು, ತಿಜೋರಿ, ಕೀಲಿ, ಅವನ ಕಸುಬಿನ ಮಾತೆಲ್ಲ ಅದೇ ಅಕ್ಷರಗಳದ್ದು. "ನಮ್ಮಪ್ಪ ಹೂವಿನಂಗಡಿ ಇಟ್ಟಿದ್ರೆ ನಾನು ಭಾ... ಭಾಷಣಕಾರ ಆಗಿರ್ತಿದ್ದೆ" ಎಂದು ತಾನೇ ನಗುತ್ತಿದ್ದ. ತೊದಲುವವರು ಕಡಿಮೆ ಮಾತಾಡುತ್ತಾರೆ ಎಂದುಕೊಳ್ಳಬೇಡಿ. ಇವನಷ್ಟು ಹರಟೆಮಲ್ಲ ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ನಾವೆಲ್ಲ ಕಾಯುವುದನ್ನು ರೂಢಿ ಮಾಡಿಕೊಂಡಿದ್ದೆವು, ಅವನ ಬಾಯಿಂದ ಮಾತು ಕಿತ್ತುಕೊಂಡು ನಾವೇ ಮುಗಿಸುತ್ತಿರಲಿಲ್ಲ. ಮದುವೆಗೆ ಮುಂಚೆ ಹುಡುಗಿಯ ಕಡೆಯವರು ಅನುಮಾನಿಸಿದಾಗ ಅವಳೇ ಹೇಳಿದಳಂತೆ: "ಪಟಪಟ ಮಾತಾಡೋ ಗಂಡಸರನ್ನ ನಮ್ಮನೇಲಿ ನೋಡಿ ಸಾಕಾಗಿದೆ. ಇವರಾದ್ರೂ ಯೋಚಿಸಿ ಮಾತಾಡ್ತಾರೆ." ಯೋಚನೆ ಗೀಚನೆ ಏನಿಲ್ಲ, ಮಾತು ಹೊರಡುವುದಿಲ್ಲ ಅಷ್ಟೇ ಎಂದು ಇವನು ಅವಳಿಗೆ ಬಿಡಿಸಿ ಹೇಳುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು.

ಅವನಿಗೆ ಒಬ್ಬಳೇ ತಂಗಿ, ತುಂಬಾ ಚಿಕ್ಕವಳು. ತಾಯಿ ಬೇಗ ಹೋದ್ದರಿಂದ ಆ ಮಗುವನ್ನು ಸಾಕಿದವನು ಇವನೇ. ಶಾಲೆ ಬಿಟ್ಟೊಡನೆ ಬಂದು ಅಂಗಡಿಯ ಮೂಲೆಯಲ್ಲಿ ಕೂತು ಓದಿಕೊಳ್ಳುತ್ತಿದ್ದಳು, ನಿದ್ದೆ ಬಂದರೆ ಉಪಕರಣಗಳ ಚೀಲಕ್ಕೆ ತಲೆ ಕೊಟ್ಟು ಮಲಗುತ್ತಿದ್ದಳು. ಅವನ ಬಾಯಿಗೆ ಅವಳು ಪುಟ್ಟಿ. ದೊಡ್ಡವಳಾದ ಮೇಲೂ ಪುಟ್ಟಿಯೇ. ಓದು ಮುಗಿಸಿ, ವಿಡಿಯೋ ಗೇಮ್ ತಯಾರಿಸುವ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಆಟದೊಳಗಿನ ಜನ ಏನೇನು ಮಾತಾಡಬೇಕೋ ಅದನ್ನು ಬರೆಯುವುದು ಅವಳ ಕೆಲಸ.

ಅವಳು ಬರೆದ ಆಟಗಳಲ್ಲಿ ಒಂದು ಭಾರಿ ಹೆಸರು ಮಾಡಿತು. ದೋಣಿ ನಡೆಸುವ ಹುಡುಗಿಯೊಬ್ಬಳು ಕಳೆದುಹೋದ ತನ್ನ ಊರನ್ನು ಹುಡುಕಿಕೊಂಡು ಹೊರಡುವ ಕಥೆ. ಆಡುವವರು ಆ ಹುಡುಗಿಯನ್ನು ಕಾಡು, ಕೋಟೆ, ಸುರಂಗ ದಾಟಿಸುತ್ತಾ ಹೋಗಬೇಕು. ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆಗಾರರು ಸೇರಿಕೊಳ್ಳುತ್ತಾರೆ. ಅವರಲ್ಲಿ ಒಬ್ಬ ಕೀಲಿಮಾಮ. ದುಂಡಗಿರುವ ಬೀಗದವನು, ತನಗಿಂತ ದೊಡ್ಡ ಚೀಲ, ಕತ್ತಲೆಂದರೆ ಜೀವಭಯ. ಜಗಳವಾದರೆ ಎಲ್ಲರ ಹಿಂದೆ ಅಡಗುತ್ತಾನೆ. ಆದರೆ ಅವನಿಲ್ಲದೆ ಒಂದು ಬಾಗಿಲೂ ತೆರೆಯುವುದಿಲ್ಲ. ಬೀಗದ ಮುಂದೆ ಮಂಡಿಯೂರಿದಾಗಲೆಲ್ಲ ಅವನ ಮಾತು ಒಂದೇ: "ಸ್ವ... ಸ್ವಲ್ಪ ತಡೀರಿ, ಬಾ... ಬಾಗಿಲಿಗೂ ಮನಸ್ಸು ಬರ್ಬೇಕಲ್ಲ!"

ಅವಸರ ಮಾಡುವ ಗಿರಾಕಿಗಳಿಗೆ ನಮ್ಮವನು ದಿನಾ ಹೇಳುತ್ತಿದ್ದ ಮಾತೇ ಅದು.

"ಅಣ್ಣ, ನಿನ್ನ ಥರದೋನು ಒಬ್ಬನನ್ನ ಆಟದಲ್ಲಿ ಹಾಕಿದ್ದೀನಿ" ಎಂದು ತಂಗಿ ಆಗಲೇ ಹೇಳಿದ್ದಳು. ಇವನಿಗೆ ಹಿಗ್ಗೋ ಹಿಗ್ಗು. ಓಣಿಗೆಲ್ಲ ಹೇಳಿಕೊಂಡು ತಿರುಗಿದ. ಆಡಲು ಇವನ ಹತ್ತಿರ ಕಂಪ್ಯೂಟರ್ ಇರಲಿಲ್ಲ, ಆಡಬೇಕೆಂಬ ಆಸೆಯೂ ಇರಲಿಲ್ಲ. ತಂಗಿ ಬರೆದಿದ್ದಾಳೆ ಎಂದ ಮೇಲೆ ಚೆನ್ನಾಗಿಯೇ ಇರುತ್ತದೆ ಎಂದು ಸುಮ್ಮನಾದ. ವರ್ಷಗಳು ಕಳೆದವು.

ಆ ಆಟವನ್ನು ಆಡಿ ಬೆಳೆದ ಮಕ್ಕಳು ಈಗ ಕೆಲಸಕ್ಕೆ ಹೋಗುವವರಾಗಿದ್ದರು. ಕಂಪನಿಯವರು ಅದನ್ನೇ ಹೊಸ ಚಿತ್ರ, ಹೊಸ ಧ್ವನಿ ಹಾಕಿ ಮತ್ತೆ ತರುತ್ತೇವೆಂದು ಹೇಳಿದರು. ಆ ಸಂಭ್ರಮದಲ್ಲಿ ತಂಗಿ ಒಂದು ಸಂದರ್ಶನ ಕೊಟ್ಟಳು. "ಕೀಲಿಮಾಮ ಬೇರೆ ಯಾರೂ ಅಲ್ಲ, ನಮ್ಮಣ್ಣ. ಬಸ್ ನಿಲ್ದಾಣದ ಹಿಂದೆ ಈಗಲೂ ಅಂಗಡಿ ಇದೆ" ಎಂದುಬಿಟ್ಟಳು. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಅಲ್ಲಿಂದಲೇ ಶುರುವಾಯಿತು.

ಮೊದಮೊದಲು ಬಂದವರು ಒಂದು ಕೀಲಿಕೈ ಮಾಡಿಸಿಕೊಂಡು, ಹೊರಡುವಾಗ ನಾಚಿಕೊಳ್ಳುತ್ತಾ ಕೇಳುತ್ತಿದ್ದರು: "ಸರ್, ಆ ಮಾತು ಒಂದ್ಸಲ ಹೇಳ್ತೀರಾ?" ಇವನು ಸಂತೋಷದಿಂದ ಹೇಳುತ್ತಿದ್ದ. ಅವರು ಕೈ ಕುಲುಕಿ ಹೋಗುತ್ತಿದ್ದರು. "ನೋಡಯ್ಯಾ, ನಾನು ಫೇಮಸ್ಸು" ಎಂದು ನನ್ನ ಗೋಡೆ ಬಡಿಯುತ್ತಿದ್ದ. ಆಮೇಲೆ ಗುಂಪು ಗುಂಪಾಗಿ ಬರತೊಡಗಿದರು, ಫೋನ್ ಎತ್ತಿ ಹಿಡಿದುಕೊಂಡೇ. ನಿಜವಾಗಿ ಕೀಲಿ ಕಳೆದುಕೊಂಡ ಗಿರಾಕಿಗಳು ಓಣಿಯ ಬಾಯಲ್ಲೇ ಹಿಂದಿರುಗುತ್ತಿದ್ದರು.

ಒಂದು ಮಧ್ಯಾಹ್ನ ಯಾರೋ ಯುವಕ ಹಾಗೇ ಕೇಳಿದ. ಅವತ್ತು ಏನಾಯಿತೋ, ಮಾತು ಎಲ್ಲೂ ಸಿಕ್ಕದೆ ನೀರು ಹರಿದ ಹಾಗೆ ಬಂದುಬಿಟ್ಟಿತು. ಇವನಿಗೇ ಆಶ್ಚರ್ಯ, ಮುಖ ಅರಳಿತು. ಆ ಯುವಕ ಫೋನ್ ಕೆಳಗಿಳಿಸಿ, "ಅಯ್ಯೋ, ಸರಿಯಾಗಿ ಹೇಳಿ ಸರ್" ಎಂದ.

ಆ ಯುವಕ ಹೋದ ಮೇಲೆ ಇವನು ನನ್ನ ಅಂಗಡಿಗೆ ಬಂದು ನಿಂತ. "ಸ... ಸರಿಯಾಗಿ ಅಂದ್ರೆ ಏನಯ್ಯಾ?" ಎಂದು ಕೇಳಿದ. ಒಂದು ಕನ್ನಡಕವನ್ನು ಒರೆಸಿದ್ದನ್ನೇ ಒರೆಸುತ್ತಾ ನಿಂತೆ.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹೆಂಗಸು ಬಂದು ಇವನ ಕೈ ಹಿಡಿದು ಕಣ್ಣೀರು ಹಾಕಿದಳು. "ನೀವು ಸತ್ತಾಗ ನಾನು ಊಟಾನೇ ಮಾಡಿರ್ಲಿಲ್ಲ ಗೊತ್ತಾ?"

"ನಾನು ಯಾ... ಯಾವಾಗ ಸತ್ತೆ?"

ಆಟದ ನಡುವೆ, ಜೊತೆಯವರು ತಪ್ಪಿಸಿಕೊಳ್ಳಲೆಂದು ಕೀಲಿಮಾಮ ಕೋಟೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಅಲ್ಲೇ ಉಳಿದುಬಿಡುತ್ತಾನೆ, ಮತ್ತೆ ಬರುವುದಿಲ್ಲ. ಆಡಿದವರಿಗೆಲ್ಲ ಗೊತ್ತಿದ್ದ ಈ ಸಂಗತಿ ಇವನಿಗೆ ಗೊತ್ತಾದದ್ದು ಹೀಗೆ, ಅಂಗಡಿಯ ಕಟ್ಟೆಯ ಮೇಲೆ, ಅಪರಿಚಿತಳೊಬ್ಬಳ ಬಾಯಿಂದ. ಅವತ್ತು ಬೇಗ ಬಾಗಿಲೆಳೆದು ಹೋದ.

ಬೋರ್ಡಿನ ಮೇಲಿದ್ದ ಅವನ ನಂಬರಿಗೆ ಫೋನುಗಳು ಬರತೊಡಗಿದವು. ಎತ್ತಿದರೆ ಆ ಕಡೆಯಿಂದ ಯಾರೋ ತೊದಲುತ್ತಾ ಆ ಮಾತು ಹೇಳಿ ಕಿಸಕ್ಕನೆ ನಕ್ಕು ಇಡುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಅವರಿಗೆ ಅದೊಂದು ಅಕ್ಕರೆ. ಆದರೆ ಶಾಲೆಯಲ್ಲಿದ್ದಾಗ ಹಿಂದಿನ ಬೆಂಚಿನಿಂದ ಕೇಳುತ್ತಿದ್ದುದೂ ಇದೇ ದನಿಯೇ. ಯಾವುದು ಅಕ್ಕರೆ, ಯಾವುದು ಅಣಕ ಎಂದು ಅವನಾದರೂ ಹೇಗೆ ಬೇರೆ ಮಾಡಿಯಾನು? ನಮ್ಮೊಡನೆ ಸಲೀಸಾಗಿ ಆಡುತ್ತಿದ್ದ ಮಾತುಗಳೂ ಈಗ ಕಟ್ಟಿಕೊಳ್ಳತೊಡಗಿದವು. ಬಾಯಿ ತೆರೆದು, ಏನೋ ನೆನಪಾದವನಂತೆ ಮುಚ್ಚಿಬಿಡುತ್ತಿದ್ದ.

ಆ ಹೊತ್ತಿನಲ್ಲೇ ಓಣಿಯ ಕೊನೆಯ ಮನೆಯಲ್ಲಿ ಒಂದು ಮಗು ಕೋಣೆಯೊಳಗೆ ಚಿಲಕ ಹಾಕಿಕೊಂಡುಬಿಟ್ಟಿತು. ಒಳಗೆ ಅಳು, ಹೊರಗೆ ತಾಯಿಯ ಗೋಳು. ಇವನನ್ನು ಕರೆದರು, ನಾನೂ ಓಡಿದೆ. ಇಂಥ ಕೆಲಸ ಅವನಿಗೆ ಹೊಸದಲ್ಲ. ಬಾಗಿಲಿಗೆ ಕಿವಿಯಿಟ್ಟು, ಒಳಗಿನ ಮಗುವಿನ ಜೊತೆ ಅದೂ ಇದೂ ಮಾತಾಡಿ, ಅದರ ಕೈಯಿಂದಲೇ ಚಿಲಕ ತೆಗೆಸುವುದು ಅವನ ರೀತಿ. ಮಕ್ಕಳು ಅವನ ಮಾತು ಕೇಳುತ್ತಿದ್ದವು. ಅವತ್ತೂ ಮಂಡಿಯೂರಿ ಕೂತ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಏ, ಕೀಲಿಮಾಮ ಕಣ್ರೋ" ಎಂದರು. ತಿರುಗಿ ನೋಡಿದರೆ ಮೆಟ್ಟಿಲ ತುಂಬಾ ಜನ, ಫೋನುಗಳು ಮೇಲೆದ್ದಿವೆ.

"ಕಂ... ಕಂ..." ಎಂದ. ಕಂದಾ ಎನ್ನಬೇಕಿತ್ತು. ಆಗಲಿಲ್ಲ. ಕತ್ತಿನ ನರ ಉಬ್ಬಿತು, ಬೆವರು ಇಳಿಯಿತು. ಯಾರೋ ಕಿಸಕ್ಕೆಂದರು. ಮಗುವಿನ ತಾಯಿ, "ಏನಾದ್ರೂ ಹೇಳ್ರೀ, ಮಾತಾಡ್ರೀ!" ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದಳು. ನಾನು ಬಾಗಿಲ ಹತ್ತಿರ ಹೋಗಿ ಕೂಗಿದೆ. ನನ್ನ ಒರಟು ದನಿಗೆ ಮಗು ಇನ್ನಷ್ಟು ಹೆದರಿತು. ಕೊನೆಗೆ ಅಗ್ನಿಶಾಮಕದವರು ಬಂದು ಬಾಗಿಲು ಒಡೆದರು. ಒಳಗೆ ಬಾಗಿಲಿಗೇ ಒರಗಿಕೊಂಡಿದ್ದ ಮಗುವಿನ ಹಣೆಗೆ ಹಲಗೆ ತಾಗಿ ರಕ್ತ ಬಂತು. ದೊಡ್ಡ ಗಾಯವೇನಲ್ಲ, ಬೇಗ ವಾಸಿಯಾಯಿತು. ಇವನು ಮಾತ್ರ ಮರುದಿನ ಅಂಗಡಿ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ.

ಅವನ ಹೆಂಡತಿಯಿಂದ ವಿಷಯ ತಿಳಿದು ತಂಗಿ ಧಾವಿಸಿ ಬಂದಳು. ನಾನು ಅವನನ್ನು ಬಲವಂತವಾಗಿ ಅಂಗಡಿಗೆ ಕರೆತಂದಿದ್ದೆ, ಅರ್ಧ ಎಳೆದ ಶಟರಿನ ಕೆಳಗೆ ಇಬ್ಬರೂ ಕೂತಿದ್ದೆವು. ಅವಳು ಬಗ್ಗಿ ಒಳಗೆ ಬಂದು, ಹಳೆಯ ಮೂಲೆಯಲ್ಲೇ ನೆಲದ ಮೇಲೆ ಕೂತಳು.

"ಅಣ್ಣ, ಹೊಸದರಲ್ಲಿ ತೊದಲು ತೆಗೆಸಿಬಿಡ್ತೀನಿ. ಕಂಪನಿಯವರಿಗೆ ಹೇಳಿದ್ದೀನಿ. ಇನ್ನು ಯಾರೂ ಆಡ್ಕೊಳ್ಳಲ್ಲ."

ಅವನು ಬಹಳ ಹೊತ್ತು ಹೆಣಗಾಡಿ, "ನ... ನನ್ನನ್ನ ಯಾಕೆ ಕೊಂದೆ ಪುಟ್ಟಿ?" ಎಂದ.

"ನಿನ್ನನ್ನಲ್ಲ ಅಣ್ಣ! ಅದು ಪಾತ್ರ. ಜನಕ್ಕೆ ಅವನಂದ್ರೆ ಪ್ರಾಣ ಆಗಿತ್ತು. ಅಂಥವನು ಹೋದ್ರೇನೇ ಕಥೆಗೆ ತೂಕ ಬರೋದು."

"ಅಮ್ಮ ಹೋದಾಗ ನಮ್ಮ ಕ... ಕಥೆಗೆ ಎಷ್ಟು ತೂಕ ಬಂತು?"

ಅವಳ ಮುಖ ಬಿಳಿಚಿಕೊಂಡಿತು. ಅಳು ಒತ್ತರಿಸಿ ಬಂದು, ಎದ್ದು ಹೊರಟೇಹೋದಳು. ಅವನು ತಡೆಯಲಿಲ್ಲ. ಅಷ್ಟು ಕಟುವಾಗಿ ಅವನು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಅವಳು ಹೇಳಿದಂತೆ ಕಂಪನಿಯವರು ಹೊಸ ಆಟದ ಒಂದು ತುಣುಕು ಹೊರಗೆ ಬಿಟ್ಟರು. ಅದರಲ್ಲಿ ಕೀಲಿಮಾಮ ಸ್ವಚ್ಛವಾಗಿ ಮಾತಾಡುತ್ತಿದ್ದ. ನೋಡಿದವರು ಸಿಟ್ಟಾದರು. ನಮ್ಮ ಮಾಮನ ನಾಲಿಗೆ ಕತ್ತರಿಸಿದಿರಿ ಎಂದು ತಂಗಿಗೆ ಬಾಯಿಗೆ ಬಂದಂತೆ ಬೈದರು. ಅತ್ತ ಅಣ್ಣನಿಗೂ ಬೇಡ, ಇತ್ತ ಅಭಿಮಾನಿಗಳಿಗೂ ಬೇಡ ಎನ್ನುವಂತಾಯಿತು ಅವಳ ಸ್ಥಿತಿ.

ಅಷ್ಟರಲ್ಲಿ ಇವನು ಅಂಗಡಿ ಬಿಟ್ಟುಬಿಡಲು ನಿಶ್ಚಯಿಸಿದ್ದ. ನಾವಿಬ್ಬರೂ ಗೋಡೆಯ ಕೀಲಿಕೈಗಳನ್ನು ಇಳಿಸಿ ಡಬ್ಬಕ್ಕೆ ತುಂಬುತ್ತಿದ್ದ ದಿನ ಒಬ್ಬಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಲ್ಲಿಯ ಸಮವಸ್ತ್ರದಲ್ಲೇ ಬಂದಿದ್ದಳು. ಕೈಯಲ್ಲಿ ಫೋನ್ ಇರಲಿಲ್ಲ. ಬಾಯಿ ತೆರೆದಳು, ಮಾತು ಬರಲಿಲ್ಲ. ಇವನಿಗಿಂತ ಹೆಚ್ಚಿನ ತೊದಲು. ಇವನು ಡಬ್ಬ ಕೆಳಗಿಟ್ಟು, ಸ್ಟೂಲ್ ಅವಳ ಕಡೆ ಸರಿಸಿ, ಸುಮ್ಮನೆ ಕಾದ. ಅವಳು ತಡೆ ತಡೆದು ಹೇಳಿದ್ದನ್ನು ನಾನಿಲ್ಲಿ ಒಟ್ಟು ಮಾಡಿ ಹೇಳುತ್ತಿದ್ದೇನೆ.

ಶಾಲೆಯಲ್ಲಿ ಅವಳು ಬಾಯಿಯೇ ಬಿಡುತ್ತಿರಲಿಲ್ಲವಂತೆ. ಆ ಆಟದಲ್ಲಿ ಬೇರೆ ಯಾರು ಮಾತಾಡಿದರೂ ಗುಂಡಿ ಒತ್ತಿ ಮುಂದಕ್ಕೆ ಓಡಿಸಬಹುದು. ಕೀಲಿಮಾಮ ಮಾತಾಡುವಾಗ ಮಾತ್ರ ಗುಂಡಿ ಕೆಲಸ ಮಾಡುವುದಿಲ್ಲ. ತೆರೆಯ ಮೇಲೆ ಅಕ್ಷರಗಳು ನಿಂತು ನಿಂತು ಬರುತ್ತವೆ. ಎಷ್ಟೇ ಅವಸರವಿದ್ದರೂ ಆಡುವವರು ಕಾಯಲೇಬೇಕು, ದೋಣಿಯ ಹುಡುಗಿಯೂ ಪಕ್ಕದಲ್ಲಿ ನಿಂತು ಕಾಯುತ್ತಾಳೆ. "ನ... ನನಗೋಸ್ಕರ ಯಾರೂ ಹಾಗೆ ಕಾದಿರ್ಲಿಲ್ಲ" ಎಂದಳು.

ಅವನಿಗೆ ಇದು ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕೂತ. ತಂಗಿ ಚಿಕ್ಕವಳಿದ್ದಾಗ ಅವನ ಮಾತಿಗೆ ಹೇಗೆ ಕಾಯುತ್ತಿದ್ದಳೆಂಬುದು ನನಗೆ ಗೊತ್ತು, ಅವನಿಗೆ ಇನ್ನೂ ಚೆನ್ನಾಗಿ ಗೊತ್ತು. ಆಮೇಲೆ ನಿಧಾನವಾಗಿ ಹೇಳಿದ: "ನಿಮಗೆ ಅದ್ರಿಂದ ಒಳ್ಳೇದಾಯ್ತು, ಸಂತೋಷ ಅಮ್ಮ. ನನಗೆ ಮಾತ್ರ ತು... ತುಂಬಾ ಕಷ್ಟ ಆಯ್ತು. ಎರಡೂ ನಿಜಾನೇ."

ಅವಳು ತಲೆಯಾಡಿಸಿದಳು. ಅವನ ಮನಸ್ಸು ಬದಲಿಸಲು ನೋಡಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಹೋದಳು.

ಅವತ್ತೇ ಅವನು ತಂಗಿಗೆ ಫೋನ್ ಮಾಡಿದ. "ಅವನ ಮಾತು ಮೊದಲು ಹೇಗಿತ್ತೋ ಹಾಗೇ ಇರ್ಲಿ. ಆದ್ರೆ ಅದು ನಾನು ಅಂತ ಇನ್ನೆಲ್ಲೂ ಹೇಳ್ಬೇಡ."

ಆ ಕಡೆ ಅವಳು ಅಳುತ್ತಿದ್ದದ್ದು ನನಗೂ ಕೇಳಿಸಿತು. "ಹೇಳಲ್ಲ ಅಣ್ಣ. ಮನೆಗೆ ಬರ್ಲಾ?"

ಅವನು ಕಣ್ಣು ಮುಚ್ಚಿಕೊಂಡ. "ಈ... ಈಗ ಬೇಡ. ನಾನೇ ಹೇಳ್ತೀನಿ."

ಈಗ ಅವನು ಊರಾಚೆಯ ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿದ್ದಾನೆ. ದಿನವಿಡೀ ಬೀರುಗಳಿಗೆ ಬೀಗ ಕೂರಿಸುವ ಕೆಲಸ. ತಗಡು ಬಡಿಯುವ ಸದ್ದಿನಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಎಲ್ಲರದ್ದೂ ಕೈಸನ್ನೆ. ಅಲ್ಲಿಯವರು ಇವನನ್ನು ಬಹಳ ಗಂಭೀರ ಮನುಷ್ಯ ಎಂದುಕೊಂಡಿದ್ದಾರೆ. ನಮ್ಮ ಓಣಿಯವರಿಗೆ ಹೇಳಿದರೆ ನಂಬುವುದಿಲ್ಲ. ನನಗೂ ನಗಬೇಕೆನಿಸುತ್ತದೆ, ನಗು ಬರುವುದಿಲ್ಲ.

ತಂಗಿಯನ್ನು ಅವನು ಕೊನೆಗೂ ಕರೆದ. ಹೊಸ ಆಟ ಹೊರಬಂದು ಬಹಳ ದಿನಗಳಾದ ಮೇಲೆ, ಒಂದು ರಜಾದಿನ. ಅವನ ಹೆಂಡತಿ ನನ್ನನ್ನೂ ಊಟಕ್ಕೆ ಕರೆದಿದ್ದಳು, ನಡುವೆ ಒಬ್ಬರು ಇದ್ದರೆ ಸಲೀಸು ಎಂದು ಇರಬೇಕು. ಅಣ್ಣ ತಂಗಿ ಎದುರುಬದುರು ಕೂತು ಉಂಡರು. ಅಡುಗೆಮನೆಯ ನಲ್ಲಿ ಸೋರುತ್ತಿರುವ ಬಗ್ಗೆ ಮಾತಾಯಿತು, ಅವಳ ಮನೆಯ ಮಾಲೀಕನ ಬಗ್ಗೆ ಮಾತಾಯಿತು. ಆಟದ ಸುದ್ದಿ ಯಾರೂ ಎತ್ತಲಿಲ್ಲ. ಅವನು ನಡುವೆ ಒಮ್ಮೆ ಏನೋ ಹೇಳಲು ಹೋಗಿ ತಡೆದು ನಿಂತ. ಅವಳು ತುತ್ತು ಕೈಯಲ್ಲೇ ಹಿಡಿದು, ಕಣ್ಣು ತಗ್ಗಿಸಿ ಕಾದಳು. ಅವನು ಆ ಮಾತನ್ನು ಬಿಟ್ಟು, ನೀರಿನ ಲೋಟ ಅವಳ ಕಡೆ ಸರಿಸಿದ. ಅದೇನಿತ್ತೆಂದು ಅವಳು ಕೇಳಲಿಲ್ಲ.